ಏಳು ಕೀಲಿಕೈಗಳ ದಾರ

ಆ ದಿನ ನಿಂಬರ್ಗಾದ ತವರುಮನೆಯಲ್ಲಿ ತೊಗರಿ ಒಡೆಯುವ ಕೆಲಸ ನಡೆದಿತ್ತು. ನಾನು ಗಂಡನ ಮನೆಯಾದ ನೆಲೋಗಿಯಿಂದ ಬಂದು ಎರಡು ದಿನವಾಗಿತ್ತು. ಮಧ್ಯಾಹ್ನ ಬೀಸುಕಲ್ಲು ನಿಂತ ಮೇಲೆ ಅಜ್ಜಿ ನನ್ನೊಬ್ಬಳನ್ನೇ ಕರೆದು, ಜೋಳದ ಚೀಲಗಳ ಹಿಂದಿದ್ದ ಗಿಡ್ಡ ಬಾಗಿಲು ತೆರೆದಳು.

ಅಲ್ಲೊಂದು ಕೋಣೆಯಿದೆಯೆಂದೇ ನನಗೆ ಗೊತ್ತಿರಲಿಲ್ಲ. ಬೇವಿನೆಲೆಯ ಕಹಿ ವಾಸನೆ. ಬೆಳಕಿಂಡಿಯ ಬಿಸಿಲಿನಲ್ಲಿ ಏಳು ಪೆಟ್ಟಿಗೆಗಳು. ಲೂಟಿಯ ಕಾಲದಲ್ಲಿ ಹಿರಿಯರು ಗೋಡೆ ಕಟ್ಟಿ ಮುಚ್ಚಿಟ್ಟ ಮನೆತನದ ಬರಹ, ಆಮೇಲೆ ಬಂದವರೂ ಬರೆದು ಇಲ್ಲೇ ಇಟ್ಟರು ಎಂದಳು. ಬರೆದವರು ಹೆಸರು ಹಾಕುವ ರೂಢಿ ನಮ್ಮಲ್ಲಿರಲಿಲ್ಲ. ಯಾರ ಪೆಟ್ಟಿಗೆಯೋ ಅವರ ಬಟ್ಟೆಯ ದಾರವನ್ನು ಹಿತ್ತಾಳೆಯ ಕೀಲಿಕೈಗೆ ಕಟ್ಟುತ್ತಿದ್ದರು, ಅಷ್ಟೇ.

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಸೊಂಟದ ಕೀಲಿಕೈ ಗೊಂಚಲಿನ ದಾರಗಳನ್ನು ಬೆರಳಲ್ಲಿ ಸವರಿ, ಇದು ಸೂಲಗಿತ್ತಿಯಾಗಿದ್ದ ನಿಮ್ಮ ಮುತ್ತಜ್ಜಿಯದು ಎಂದು ಒಂದು ಪೆಟ್ಟಿಗೆ ತೆರೆದಳು. ಒಳಗಿದ್ದ ಕಟ್ಟಿನ ಬಟ್ಟೆ ಬಿಚ್ಚಿದರೆ ಹೆರಿಗೆಯ ಔಷಧಗಳು, ಎಳೆಗೂಸುಗಳ ಲಕ್ಷಣ. ನೂರು ವರ್ಷದ ಹಿಂದಿನ ಒಬ್ಬ ಹೆಂಗಸು ನನ್ನೊಡನೆ ಮಾತಾಡುತ್ತಿದ್ದಳು. ಅಪ್ಪ ಬದುಕಿದ್ದಾಗ ಮನೆಯಲ್ಲೇ ಕಲಿಸಿದ ಕನ್ನಡದಲ್ಲಿ ನಾನು ತಡವರಿಸುತ್ತ ಓದಿದೆ. ಅಜ್ಜಿ ಉಸಿರು ಬಿಗಿಹಿಡಿದು ಕೇಳಿದಳು.

ನಿಮ್ಮ ಅಜ್ಜನದೂ ಒಂದಿದೆ ಎಂದಳು. ಅದನ್ನೂ ಓದಲೇ ಎಂದೆ. ಆಕೆ ನಾಚಿದಳು.

“ನಾಳಿಗಿ ಓದಬೇ. ಏನ್ ಬರ್ದಾನೋ ಏನೋ, ಇದ್ದಾಗ ನನಗ ಹೇಳ್ಲಿಲ್ಲ. ಕೇಳೇ ಸಾಯ್ತೇನಿ.”

ಬೆಳಗಾದಾಗ ಅಜ್ಜಿ ಎದ್ದೇಳಲಿಲ್ಲ.

ಸೂತಕ ಕಳೆಯುವ ದಿನ ಮನೆಯ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಕು. ಸತ್ತವರ ಮೈಮೇಲಿದ್ದ ಅರಿವೆ, ದಾರ ಹಳ್ಳಕ್ಕೆ ಬಿಡಬೇಕು. ಹೆಂಗಸರೊಡನೆ ಕೂತು ನಾನೂ ತಿಕ್ಕಿದೆ. ಅಜ್ಜಿಯ ಸೊಂಟದಲ್ಲಿದ್ದ ಗೊಂಚಲು ನನ್ನ ಪಾಲಿಗೇ ಬಂತು. ಕೊಳೆ ಹಿಡಿದ ದಾರಗಳನ್ನು ಕತ್ತರಿಸಿ ಹಳ್ಳಕ್ಕೆ ಬಿಡುವ ಅವಳ ಸೀರೆಯ ಗಂಟಿಗೆ ಹಾಕಿದೆ. ಹೊಳೆಯುವ ಕೀಲಿಕೈಗಳನ್ನು ಬಿಸಿಲಿಗೆ ಹರವಿದಾಗಲೇ ತಿಳಿದದ್ದು, ನಾನೇನು ಮಾಡಿದೆನೆಂದು. ಹಳ್ಳಕ್ಕೆ ಓಡಿಹೋಗಿ ನೋಡುವಷ್ಟರಲ್ಲಿ ಗಂಟು ನೀರಲ್ಲಿ ಹೋಗಿತ್ತು.

ಬೀಗಗಳೇನೋ ಒಂದೊಂದಾಗಿ ತೆರೆದವು. ವರ್ಷ ವರ್ಷ ತವರಿಗೆ ಬಂದು ಉಳಿದ ಆರನ್ನೂ ಓದಿದ್ದೇನೆ. ಮೋಡದ ಬಣ್ಣ ನೋಡಿ ಬಿತ್ತುವುದು, ಎತ್ತಿನ ಕಣ್ಣುಬೇನೆ, ಒಂದರಲ್ಲಿ ಬರೀ ಹಕ್ಕಿಗಳ ವಿಚಾರ. ಪ್ರತಿಸಲವೂ ಆ ಗಿಡ್ಡ ಬಾಗಿಲಲ್ಲಿ ಬಗ್ಗುವಾಗ ಮೈ ಜುಮ್ಮೆನ್ನುತ್ತದೆ. ಓದುವುದನ್ನು ಗಟ್ಟಿಯಾಗಿಯೇ ಓದುತ್ತೇನೆ.

ಅವುಗಳಲ್ಲಿ ಅಜ್ಜನದು ಯಾವುದೆಂದು ನನಗೆ ಗೊತ್ತಿಲ್ಲ.