ಕೊಡಲಿಗೆ ಹೋದ ಕುಡುಗೋಲು

ಮೊನ್ನೆ ಹೊಸಪೇಟೆಯ ಅಂಗಡಿಯಲ್ಲಿ ಒಂದು ಚಾಕುವನ್ನು ಕೈಯಲ್ಲಿ ತೂಗುತ್ತ ನಾನು ಅಷ್ಟು ಹೊತ್ತು ನಿಂತದ್ದಕ್ಕೆ ಮಕ್ಕಳು ಮೊಮ್ಮಕ್ಕಳು ನೀವೆಲ್ಲ ನಕ್ಕಿರಿ. ನಗಿರಿ. ಆದರೆ ‘ಭಾರ ಇದ್ದದ್ದೇ ಬಾಳಿಕೆ ಬರುತ್ತದೆ’ ಎಂದ ಅಂಗಡಿಯವನ ಮಾತಿಗೆ ನನಗೆ ಯಾಕೆ ಸಿಟ್ಟು ಬಂತೆಂದು ಬರೆದಿಡುತ್ತೇನೆ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ನನ್ನ ತವರು ಚೋರನೂರಿನ ಕಡೆ. ಮದುವೆಯಾಗಿ ಕಂಪ್ಲಿಗೆ ಹೊರಟಾಗ ಅವ್ವ ತನ್ನ ಕುಡುಗೋಲನ್ನು ಸೀರೆಯ ಗಂಟಿನಲ್ಲಿ ಇಟ್ಟುಕೊಟ್ಟಳು. ಕಬ್ಬಿಣ ಉಜ್ಜುವ ಅರ ಸವೆದ ಮೇಲೆ ಆ ಉಕ್ಕನ್ನೇ ಬಡಿಸಿ ಮಾಡಿಸಿದ್ದು. ಜೋಳದ ಎಲೆಯಂತೆ ತೆಳು. ಸುಗ್ಗಿಗೆ ಮೊದಲು ಅದನ್ನು ಕಾಯಿಸಿ ಕುಸುಬಿ ಎಣ್ಣೆ ಒರೆಸಬೇಕು. ಎಣ್ಣೆ ಸುಟ್ಟು ಕಪ್ಪು ಪದರವಾಗಿ ಕೂತುಬಿಟ್ಟರೆ ಹಸಿ ಗದ್ದೆಯಲ್ಲೂ ತುಕ್ಕು ಹತ್ತದು. “ಅಲಗಿನ ಬಾಯಿಗೆ ಬೆಂಕಿ ತಾಗಿಸಬ್ಯಾಡ, ಬೆನ್ನಷ್ಟ ಕಾಯಿಸು. ಇಲ್ಲಾಂದ್ರ ಮೆತ್ತಗಾಗತೈತಿ” ಎಂದು ಅವ್ವ ಹೇಳಿಕೊಟ್ಟಿದ್ದಳು.

ಕಂಪ್ಲಿಯಲ್ಲಿ ಕಮ್ಮಾರನಿಗೆ ವರ್ಷಕ್ಕೊಮ್ಮೆ ಕಾಳು ಅಳೆಯುವ ಪದ್ಧತಿ. ಕುಲುಮೆಗೆ ಹೋಗುವವರು ಗಂಡಸರೇ. ನಮ್ಮ ಮಾವನವರು ಕುಡುಗೋಲನ್ನು ಒಮ್ಮೆ ಮೇಲೆ ಎಸೆದು ಹಿಡಿದು, ಅಂಗೈಗೆ ಭಾರವಾದ ಪೆಟ್ಟು ಬಿದ್ದರೆ ಒಳ್ಳೆಯದೆಂದು ತರುತ್ತಿದ್ದರು. ಮೇಲೆ ಕೆಂಪು ಬಣ್ಣ ಬೇರೆ. ಗದ್ದೆಗಿಳಿದ ಮೂರನೆಯ ದಿನಕ್ಕೇ ಆ ಬಣ್ಣ ಸುಲಿದು ನಮ್ಮ ಅಂಗೈಗೆ ಮೆತ್ತುತ್ತಿತ್ತು. ದಿನವಿಡೀ ಬಗ್ಗಿ ಕೊಯ್ಯುವವರು ನಾವು, ಆರಿಸುವವರು ಅವರು.

ಆ ಭಾರದ ಕುಡುಗೋಲಿನಿಂದ ನನ್ನ ನೆಗೆಣ್ಣಿಗೆ ಮಣಿಕಟ್ಟು ಬಾತು ಮಗುವನ್ನು ಎತ್ತಿಕೊಳ್ಳಲೂ ಆಗದಾಯಿತು. ಅವ್ವನ ಕುಡುಗೋಲನ್ನು ಅವಳಿಗೇ ಕೊಟ್ಟೆ. ಮಾವ ನೋಡಿ, “ಗುಬ್ಬಿ ಕಾಲಿನಂಗ ಐತಿ, ಇದರಿಂದ ಏನ್ ಕೊಯ್ತೀರವಾ” ಎಂದು ನಕ್ಕರು. ಮರುದಿನ ಸೂರಿನಲ್ಲಿ ಸಿಗಿಸಿದ್ದ ಕುಡುಗೋಲು ಇರಲಿಲ್ಲ.

ಸಂಜೆ ಕುಲುಮೆಯಿಂದ ಮೈದುನ ಕೊಡಲಿ ತಂದ. ಅದರ ಬಾಯಿಗೆ ಹೊಸ ಉಕ್ಕು ಹಾಕಿಸಿದ್ದರು. “ಎಂಥಾ ಉಕ್ಕು ಅಂತೀರಿ, ಜಾಲಿ ಕೊರಡು ಬೆಣ್ಣಿ ಕೊಯ್ದಂಗ ಆತು. ನಿಮ್ಮ ಕುಡುಗೋಲ ರೀ ಅತ್ತಿಗಿ” ಎಂದು ಹಿಗ್ಗಿದ.

ನಮ್ಮ ಕೈಯಲ್ಲಿದ್ದಾಗ ಅದು ಗುಬ್ಬಿ ಕಾಲು. ತಮ್ಮ ಕೊಡಲಿಗೆ ಬೇಕಾದಾಗ ಉಕ್ಕು. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸುತ್ತಿದ್ದೆ. ಗೊತ್ತಿದ್ದೇ ನಗೆಯಾಡಿದ್ದರು.

ಆಗ ಸೊಸೆ ಮಾವನ ಎದುರು ಮಾತಾಡುವಂತಿಲ್ಲ. ಬೆಳಗ್ಗೆ ಕೊಡಲಿಯನ್ನೇ ಹೆಗಲಿಗಿಟ್ಟು ಗದ್ದೆಗೆ ಹೋಗಿ, ಬದುವಿನ ಮೇಲೆ ಕೂತೆ. ಕೊಯ್ಯುವ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡರು. ಮಾವ ಬಂದರು.

“ಹೆಣ್ಮಕ್ಕಳು ಕೊಡ್ಲಿ ಹಿಡೀತಾರೇನ?” ಎಂದು ಗಾಳಿಗೆ ಕೇಳಿದರು.

ನಾನು ಮುಖ ತಿರುಗಿಸಿ ನೆಗೆಣ್ಣಿಗೆ ಹೇಳಿದೆ: “ನನ್ನ ಕುಡುಗೋಲ ಇದರಾಗ ಐತಿ. ಇದರಿಂದನ ಕೊಯ್ತೀನಿ ಅಂತ ಹೇಳಕ್ಕ.”

ಅವಳು ಹಿರಿಯ ಸೊಸೆ, ಸ್ವಲ್ಪ ಸಲಿಗೆಯಿತ್ತು. ಬಾತ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು, “ನೀವು ತಂದ ಕುಡುಗೋಲಕಿಂತ ಕೊಡ್ಲಿನ ಹಗುರ ಐತಂತ್ರಿ ಮಾವ” ಎಂದಳು.

ಪಕ್ಕದ ಗದ್ದೆಯವರೆಗೂ ನಗು ಹಬ್ಬಿತು. ಆ ದಿನ ನಾವಿಬ್ಬರೂ ಕೊಯ್ಯಲಿಲ್ಲ. ಎರಡು ದಿನದಲ್ಲಿ ಮಾವ ಮಾಡಿಸಿದ ಅರದ ಉಕ್ಕಿನ ಎರಡು ತೆಳು ಕುಡುಗೋಲು ಸೂರಿಗೆ ಬಂದವು. ಬಣ್ಣ ಬಳಿದಿರಲಿಲ್ಲ; ಕುಸುಬಿ ಎಣ್ಣೆ ನಾನೇ ಒರೆಸಿದೆ. ನೆಗೆಣ್ಣಿಯ ಕೈಯ ಬಾವು ಆ ಸುಗ್ಗಿ ಮುಗಿಯುವುದರೊಳಗೆ ಇಳಿಯಿತು.

ಆಮೇಲೆ ಮಾವ ಕಟ್ಟೆಯ ಮೇಲೆ ಕೂತು, ಹೆಂಗಸರ ಕೈಗೆ ಹಗುರದ್ದೇ ಸರಿಯೆಂದು ತಾವೇ ಕಂಡುಹಿಡಿದಂತೆ ಊರಿಗೆಲ್ಲ ಹೇಳಿದರು. ಮನೆ ಪಾಲಾದಾಗ ಕೊಡಲಿ ಮೈದುನನ ಪಾಲಿಗೆ ಹೋಯಿತು. ಅದರ ಬಾಯಲ್ಲಿದ್ದ ನನ್ನ ಅವ್ವನ ಉಕ್ಕು ಯಾರ ಪಾಲು ಎಂದು ಒಬ್ಬರೂ ಕೇಳಲಿಲ್ಲ.