ಲೆನ್ಸಿಗೆ ಆರು ಗುಳಿ

ಹಳೆಯ ಮ್ಯಾನುವಲ್ ಲೆನ್ಸಿನ ಹಿಂಬದಿಯಲ್ಲಿ ಆರು ಕಪ್ಪು-ಬಿಳಿ ಚುಕ್ಕಿಗಳಿದ್ದರೆ ಮಾತ್ರ ನನ್ನ ಡಿಜಿಟಲ್ ಕ್ಯಾಮೆರಾ, ಆ ಚುಕ್ಕಿಗಳ ಕ್ರಮ ನೋಡಿ, ಅದು ಯಾವ ಲೆನ್ಸ್ ಎಂದು ಗುರುತಿಸುತ್ತದೆ. ಬರೀ ಬಣ್ಣ ಹಚ್ಚಿದರೆ ಉಜ್ಜಿ ಹೋಗುತ್ತದೆ, ಬಣ್ಣ ತುಂಬಲು ಗುಳಿ ಬೇಕು. ಕಾರ್ಕಳದಲ್ಲಿ ಸ್ಟೀಲ್ ಪಾತ್ರೆಗಳಿಗೆ ಹೆಸರು ಕೊರೆಯುವವರೊಬ್ಬರ ಬಳಿ ಹೋದೆ.

“ಹೆಸರು ಎಂತ? ಊರು?”

ಹೇಳಿದೆ. “ಆದರೆ ಅದೆಲ್ಲ ಕೊರೆಯುವುದು ಬೇಡ, ಆರು ಗುಳಿ ಸಾಕು.”

“ಗುಳಿ ನೋಡಿದರೆ ಯಾರದ್ದು ಅಂತ ಹೇಗೆ ಗೊತ್ತಾಗುವುದು ಮಾರಾಯ್ರೆ?”

“ಕ್ಯಾಮೆರಾಕ್ಕೆ ಗೊತ್ತಾಗ್ತದೆ” ಎಂದೆ, ಗತ್ತಿನಿಂದ.

ಮನೆಗೆ ಬಂದು ನೋಡಿದರೆ ಗುಳಿಗಳ ಜೊತೆಗೆ ಲೆನ್ಸಿನ ಮೈಮೇಲೆ ನನ್ನ ಹೆಸರು, ಪಕ್ಕದಲ್ಲಿ ನನ್ನೂರು ಅಲೆವೂರು! ಸಿಟ್ಟು ನೆತ್ತಿಗೇರಿತು.

ಮುಂದಿನ ವಾರ ಕಾಪುವಿನ ಮದುವೆಯೊಂದರಲ್ಲಿ ಆ ಲೆನ್ಸನ್ನೇ ಮರೆತು ಬಂದೆ. ಅಡುಗೆಯವರು ಅದರ ಮೇಲಿನ ಹೆಸರು, ಊರು ಓದಿ, ತಮ್ಮ ಪಾತ್ರೆಗಳ ಜೊತೆ ಟೆಂಪೋದಲ್ಲಿ ತಂದು ಮನೆಗೆ ಮುಟ್ಟಿಸಿದರು. ಕ್ಯಾಮೆರಾ ಮಾತ್ರ ಆರು ಗುಳಿ ನೋಡಿಯೂ ಇವತ್ತಿಗೂ ಅದನ್ನು ಬೇರೆ ಯಾವುದೋ ಲೆನ್ಸ್ ಎಂದೇ ತಿಳಿದಿದೆ.