ಗಾಜಿನ ತೊಟ್ಟಿಗೆ ಹಾಕಿದ ಮರಳು

ನಮ್ಮ ಬಚ್ಚಲುಮನೆಯಲ್ಲಿ ಎರಡು ನೆಲಗಪ್ಪೆಗಳಿದ್ದವು. ಹಗಲೆಲ್ಲ ಹಂಡೆ ಒಲೆಯ ಹಿಂದಿನ ಕಲ್ಲು ಸಂದಿಯಲ್ಲಿ ಅಡಗಿದ್ದು, ಹೊತ್ತು ಮುಳುಗುವಾಗ ಹೊರಗೆ ಬರುತ್ತಿದ್ದವು. ಚಿಕ್ಕದು ಅಂಜುಬುರುಕ. ದೊಡ್ಡದು ಅಂಗೈಯಗಲ ಇತ್ತು, ಮೈತುಂಬ ಗಂಟು. ಅದು ಮಾತ್ರ ಯಾರಿಗೂ ಜಾಗ ಬಿಡುತ್ತಿರಲಿಲ್ಲ.

ಅಪ್ಪ ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಆ ದೊಡ್ಡದು ಬಂದು ಸೇರಿಕೊಂಡಿತು. ಅಪ್ಪ ನಂದಿದುರ್ಗ ಎಂಬ ಚಿನ್ನದ ಗಣಿಯವನು, ಅದಿರು ಅರೆಯುವ ಮಿಲ್ಲಿನಲ್ಲಿ ಕೆಲಸ. ಪಾಳಿ ಮುಗಿಸಿ ಬಂದರೆ ಮುಂಬಾಗಿಲಿಂದ ಒಳಗೆ ಬರುತ್ತಿರಲಿಲ್ಲ. ಮನೆಯ ಪಕ್ಕದ ಸಂದಿಯಲ್ಲೇ ಅಂಗಿ ಬಿಚ್ಚಿ, ನೇರ ಬಚ್ಚಲಿಗೆ ಹೋಗಿ ತಲೆಯಿಂದ ನೀರು ಸುರಿದುಕೊಂಡ ಮೇಲೆಯೇ ನಮ್ಮನ್ನು ಮುಟ್ಟುತ್ತಿದ್ದ. ಕಪ್ಪೆ ಹೊರಗೆ ಬರುತ್ತಿದ್ದದ್ದೂ ಅದೇ ಹೊತ್ತಿಗೆ, ಅದೇ ಜಾಗಕ್ಕೆ. ಅಮ್ಮ ಒಂದು ಚೊಂಬು ನೀರು ಹಿಡಿದು ಹೋಗಿ ಅದರ ಮುಂದೆ ನಿಧಾನವಾಗಿ ಚೆಲ್ಲುತ್ತಿದ್ದಳು. "ಅವ್ರು ಬಂದ್ರು" ಎನ್ನುತ್ತಿದ್ದಳು.

ನಾನು ಬಂಗಾರಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಇಂಥದ್ದೆಲ್ಲ ಕೇಳಿದರೆ ಮೈ ಉರಿಯುತ್ತಿತ್ತು. "ಅದು ಹುಳ ತಿನ್ನೋಕೆ ಬರುತ್ತೆ ಕಣಮ್ಮ" ಎಂದು ಎಷ್ಟೋ ಸಲ ಹೇಳಿದ್ದೆ. "ಅವ್ರೂ ಸಂಜೆ ಅಸ್ಕೊಂಡೇ ಬತ್ತಿದ್ರು" ಎಂದು ಅಮ್ಮ ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಿದ್ದಳು.

ಹೋದ ವರ್ಷ ಬಚ್ಚಲಿಗೆ ಟೈಲ್ಸ್ ಹಾಕಿಸಲು ಹೊರಟಾಗ ಅಮ್ಮ ಊಟ ಬಿಟ್ಟು ಕೂತಳು. ಸಂದಿ ಮುಚ್ಚಿದರೆ ಅವರು ಎಲ್ಲಿಗೆ ಹೋಗಬೇಕು ಎಂಬುದೊಂದೇ ಮಾತು. ಕೊನೆಗೆ ನಾನೇ ಸೋತೆ. ಗಾಜಿನ ತೊಟ್ಟಿಯೊಳಗೆ ಮಣ್ಣು ಹಾಕಿ, ಗಿಡ ನೆಟ್ಟು, ಎರಡಕ್ಕೂ ಮನೆ ಮಾಡಿಕೊಡುತ್ತೇನೆ, ನನ್ನ ಜೀವದಂತೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ಅಮ್ಮ ನಂಬಿದಳು. ಗಾರೆ ಧೂಳು ಆಗದೆಂದು ಕಾಮಸಮುದ್ರದಲ್ಲಿರುವ ನನ್ನ ಸೋದರಮಾವನ ಮನೆಗೆ ಒಂದು ವಾರ ಹೋದಳು. ಬಸ್ಸು ಹತ್ತುವಾಗಲೂ, "ದೊಡ್ಡೋರ್ನ ಜ್ವಾಪಾನ" ಎಂದಳು.

ಬಂಗಾರಪೇಟೆಯಲ್ಲಿ ಮೀನು ಸಾಕುವವರ ಅಂಗಡಿಯಿಂದ ಎರಡಡಿಯ ಗಾಜಿನ ತೊಟ್ಟಿ ತಂದೆ. ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದಾಗ ಪಕ್ಕದ ಹೆಂಗಸು "ಮೀನಾಮ್ಮಾ?" ಎಂದಳು. "ಇಲ್ಲ, ತವಳೈ" ಎಂದು ಕಪ್ಪೆಯ ತಮಿಳು ಹೆಸರು ಹೇಳಿದೆ. ಆಕೆ ತನ್ನ ಬುಟ್ಟಿಯನ್ನು ಆಚೆ ಎಳೆದುಕೊಂಡಳು.

ಫೋನಿನಲ್ಲಿ ನಾಲ್ಕಾರು ವಿಡಿಯೋ ನೋಡಿ ಕೆಲಸ ಶುರು ಮಾಡಿದೆ. ತಳಕ್ಕೆ ನೀರು ಇಳಿಯಲೆಂದು ಬೆಣಚುಕಲ್ಲು, ಮೇಲೆ ಇದ್ದಿಲ ಚೂರು, ಅದರ ಮೇಲೆ ಕಿಟಕಿಯ ಸೊಳ್ಳೆ ಜಾಲರಿ, ಆಮೇಲೆ ತೆಂಗಿನ ನಾರಿನ ಪುಡಿ. ಒಂದೆಲಗ ನೆಟ್ಟೆ. ಪಾಳುಬಿದ್ದ ಕ್ವಾರ್ಟರ್ಸ್ ಗೋಡೆಯಿಂದ ಪಾಚಿ ಬಿಡಿಸಿ ತಂದು ಹಾಸಿದೆ. ಒಡೆದ ಮಡಕೆಯ ಅರ್ಧ ಭಾಗವನ್ನು ಬೋರಲು ಹಾಕಿ ಗುಹೆ ಮಾಡಿದೆ. ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು ಔಷಧದ ವಾಸನೆ ಹೋದ ಮೇಲೆ ತಟ್ಟೆಗೆ ತುಂಬಿದೆ. ಇನ್ನು ಬೇಕಾಗಿದ್ದದ್ದು ಅವು ಹಿಂಗಾಲಿನಿಂದ ಕೆದಕಿ ಹೂತುಕೊಳ್ಳಲು ಮೆತ್ತನೆಯ ಮಣ್ಣು. ಕ್ಯಾಸಂಬಳ್ಳಿ ಹತ್ತಿರ ನಮ್ಮ ಚಿಕ್ಕಪ್ಪನ ರಾಗಿ ಹೊಲವಿದೆ. ಭಾನುವಾರ ಹೋಗಿ ಒಂದು ಚೀಲ ಕೆಮ್ಮಣ್ಣು ತಂದಿದ್ದರೆ ಮುಗಿಯುತ್ತಿತ್ತು. ನನಗೆ ತಾಳ್ಮೆ ಇರಲಿಲ್ಲ.

ಗಣಿಯವರ ಮನೆಗಳ ಸಾಲಾದ ನಮ್ಮ ಲೈನಿನ ಹಿಂದೆಯೇ ಸೈನೈಡ್ ಗುಡ್ಡ. ಅರೆದ ಕಲ್ಲಿನಿಂದ ಸೈನೈಡ್ ಬಳಸಿ ಚಿನ್ನ ತೆಗೆದುಕೊಂಡು ಉಳಿದ ಪುಡಿಯನ್ನು ರಾಶಿ ಹಾಕಿ ಹಾಕಿ ಎದ್ದ ಗುಡ್ಡ ಅದು. ಹುಟ್ಟಿದಾಗಿನಿಂದ ನೋಡುತ್ತಿರುವ ಗುಡ್ಡವನ್ನು ಯಾರು ಗುಡ್ಡವಲ್ಲ ಎಂದುಕೊಳ್ಳುತ್ತಾರೆ? ಜರಡಿ ಹಿಡಿದ ಹಿಟ್ಟಿನಂಥ ಮರಳು, ಒಂದು ಕಸ ಕಡ್ಡಿ ಇಲ್ಲ. ಎರಡು ಚೀಲ ತುಂಬಿ ತಂದೆ. ನೀರು ತಿಳಿಯಾಗುವ ತನಕ ಮೂರು ಸಲ ತೊಳೆದೆ. ತೊಳೆದದ್ದಕ್ಕೆ ನನಗೆ ನಾನೇ ಭೇಷ್ ಎಂದುಕೊಂಡೆ.

ತೊಟ್ಟಿಗೆ ಬಿಟ್ಟ ಮೊದಲ ದಿನ ಕಪ್ಪೆಗಳೆರಡೂ ಖುಷಿಯಾಗಿ ಹೂತುಕೊಂಡವು. ಮೂರನೆಯ ದಿನ ದೊಡ್ಡದು ನಾಲ್ಕೂ ಕಾಲು ನೆಟ್ಟಗೆ ಮಾಡಿ, ಹೊಟ್ಟೆ ಮರಳಿಗೆ ತಾಗದಂತೆ ಮೈಯನ್ನು ಮೇಲೆತ್ತಿ ನಿಂತಿತ್ತು. ಗತ್ತು ನೋಡು ಎಂದು ನಕ್ಕು, ಫೋಟೋ ತೆಗೆದು ಶಾಲೆಯ ಮಕ್ಕಳಿಗೆ ಕಳಿಸಿದೆ. ನಾಲ್ಕನೆಯ ದಿನವೂ ಹಾಗೆಯೇ ನಿಂತಿತ್ತು. ಎತ್ತಿ ನೋಡಿದರೆ ಹೊಟ್ಟೆಯಡಿ ಕೆಂಪು. ಪಶು ಆಸ್ಪತ್ರೆಗೆ ಫೋನು ಮಾಡಿದೆ. "ಮೇಡಂ, ನಾನು ಹಸ ಎಮ್ಮೆ ನೋಡೋನು" ಎಂದರು ಡಾಕ್ಟರು, ಬೇಜಾರಿಲ್ಲದೆ. ಆಮೇಲೆ, "ಕೆಳಗೆ ಏನು ಹಾಕಿದೀರ?" ಎಂದು ಕೇಳಿದರು. ಗುಡ್ಡದ ಮರಳು ಎಂದು ಹೇಳಿ ಫೋನು ಇಟ್ಟೆ.

ಕಪ್ಪೆಯ ಭಂಗಿ ನನಗೆ ಆಗ ಗುರುತು ಹತ್ತಿತು. ಕೊನೆಯ ವರ್ಷ ಅಪ್ಪ ಹೀಗೆಯೇ ಇದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಎರಡೂ ಅಂಗೈಯನ್ನು ಮಂಚಕ್ಕೆ ಊರಿ, ಎದೆ ಮೇಲೆತ್ತಿ, ದಿನಗಟ್ಟಲೆ ಕೂತೇ ಇರುತ್ತಿದ್ದ. ಹೋದದ್ದೂ ಕೂತೇ. ಶ್ವಾಸಕೋಶದಲ್ಲಿ ಕಲ್ಲಿನ ಪುಡಿ ಕೂತಿದೆ ಎಂದಿದ್ದರು. ಚಿಕ್ಕಂದಿನಲ್ಲಿ ಆ ಗುಡ್ಡದ ಮೇಲೆ ಜಾರಿ ಆಡಿದ್ದಕ್ಕೆ ಅವನು ನನ್ನ ಕೆನ್ನೆಗೆ ಹೊಡೆದಿದ್ದ. ಜೀವಮಾನದಲ್ಲಿ ಒಂದೇ ಸಲ. ಒಂದು ಕಾಳು ಮನೆಯೊಳಗೆ ಬರಬಾರದೆಂದು ಬದುಕಿನುದ್ದಕ್ಕೂ ಸಂದಿಯಲ್ಲಿ ಅಂಗಿ ಬಿಚ್ಚಿದವನು ಅವನು. ಕಪ್ಪೆ ಬಾಯಿಂದ ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುವವಳು ನಾನು. ಆ ಪುಡಿಯನ್ನೇ ಎರಡು ಚೀಲ ಹೊತ್ತು ತಂದು, ಒದ್ದೆ ಮಾಡಿ, ಅದರ ಮೇಲೆ ಕೂರಿಸಿ ಗಾಜು ಮುಚ್ಚಿದ್ದೆ. ಅದು ಕಪ್ಪೆ, ಬರೀ ಕಪ್ಪೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಲೇ ಮುಚ್ಚಿದ ಗಾಜು ತೆಗೆದೆ.

ಎರಡನ್ನೂ ಬಕೆಟ್ಟಿನ ನೀರಿನಲ್ಲಿ ಮತ್ತೆ ಮತ್ತೆ ತೊಳೆದೆ. ತೊಟ್ಟಿಯನ್ನು ಅಂಗಳದಲ್ಲಿ ಬೋರಲು ಹಾಕಿದೆ. ಒದ್ದೆ ಬಟ್ಟೆ ಹಾಸಿದ ಬೇಸಿನ್ನಿನಲ್ಲಿ ಚಿಕ್ಕದು ಮರುದಿನವೇ ಒಂದು ಗೆದ್ದಲು ಹಿಡಿಯಿತು. ದೊಡ್ಡದು ಮೈ ಎತ್ತಿಯೇ ನಿಂತಿತ್ತು. ಅಮ್ಮ ಬರುವ ದಿನ ಬೆಳಿಗ್ಗೆ ನೋಡಿದರೆ, ಕಾಲು ಚಾಚಿ, ಬಟ್ಟೆಗೆ ಹೊಟ್ಟೆ ಒತ್ತಿ ಮಲಗಿತ್ತು. ಮುಟ್ಟಿದಾಗ ತಣ್ಣಗಿತ್ತು. ನುಗ್ಗೆಮರದ ಬುಡದಲ್ಲಿ ಹೂತು ಬಂದೆ.

ಅಮ್ಮ ಬಂದವಳು ಚೀಲ ಇಳಿಸುವ ಮುಂಚೆಯೇ ಅಂಗಳದ ಮರಳಿನ ಮುಂದೆ ನಿಂತಳು. ಬಗ್ಗಿ ಒಂದು ಚಿಟಿಕೆ ತೆಗೆದು ಎರಡು ಬೆರಳ ನಡುವೆ ಉಜ್ಜಿದಳು. ಮೂವತ್ತು ವರ್ಷ ಅಪ್ಪನ ಅಂಗಿ ಕೊಡವಿದ ಬೆರಳುಗಳು.

"ಇದ್ನಾ ಆಕಿದ್ದೆ?"

ತೋಟಕ್ಕೆ ಬಿಟ್ಟೆ ಎಂದು ಹೇಳಲು ಸುಳ್ಳೊಂದನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಆಗಲಿಲ್ಲ. ಎಲ್ಲವನ್ನೂ ಹೇಳಿದೆ, ಅದು ಮೈಯೆತ್ತಿ ನಿಂತದ್ದನ್ನೂ, ನಾನು ನಕ್ಕು ಫೋಟೋ ತೆಗೆದದ್ದನ್ನೂ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

ಅಮ್ಮ ಬೆರಳನ್ನು ಸೆರಗಿಗೆ ಒರೆಸಲಿಲ್ಲ. ನಲ್ಲಿಗೆ ಹೋಗಿ ತೊಳೆದುಕೊಂಡು ಬಂದಳು. ಆಮೇಲೆ ಬೇಸಿನ್ನಿನಲ್ಲಿದ್ದ ಚಿಕ್ಕದನ್ನು ನೋಡುತ್ತ, "ಭಾನ್ವಾರ ಕ್ಯಾಸಂಬಳ್ಳಿಗೆ ಓಗಿ ಒಲದ ಮಣ್ಣು ತಂದಾಕು ಇದುಕ್ಕೆ" ಎಂದಳು. ಅದರ ಮೈಮೇಲೆ ಒಂದು ಹನಿ ನೀರು ಚಿಮುಕಿಸಿ ಕೇಳಿದಳು:

"ಕೊನೇಗೆ ಅವ್ರು ಮಲಿಕೊಂಡ್ರಾ?"

"ಮಲಗಿದ್ರಮ್ಮ" ಎಂದೆ. "ಕಾಲು ಚಾಚಿ ಮಲಗಿದ್ರು."

"ಸದ್ಯ" ಎಂದು ಅಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತಳು.